ಸುಮ್ಮನೆ ನೋಡಲು ಹೋದವರು

ನಮ್ಮ ಗುತ್ತಲದಲ್ಲಿ ಗಂಡ ಹೆಂಡತಿ ಇಬ್ಬರೂ ಮನೆಗೆ ಬೀಗ ಹಾಕಿ ಊರು ಬಿಟ್ಟು ಹೊರಟರೆ ಅದಕ್ಕೊಂದು ಕಾರಣ ಇರಲೇಬೇಕು. ದಾವಣಗೆರೆಯ ಆಸ್ಪತ್ರೆ, ಹುಬ್ಬಳ್ಳಿಯ ಮದುವೆ, ರಾಣೇಬೆನ್ನೂರಿನಲ್ಲಿ ಯಾರದೋ ಮೈಯತ್ತು, ಒಂದು ದರ್ಗಾದ ಉರುಸು. ದುಡ್ಡು ಕೂಡಿ ಬಂದರೆ ಹಜ್ ಅಥವಾ ಉಮ್ರಾ. ಇವುಗಳಲ್ಲಿ ಯಾವುದೂ ಅಲ್ಲದೆ ಸುಮ್ಮನೆ ನೋಡಿ ಬರಲು ಹೋಗುತ್ತೇವೆ ಎಂದರೆ ಕೇಳಿದವರ ಮುಖದಲ್ಲಿ ಅನುಮಾನ ಮೂಡುತ್ತದೆ. 2025ರ ಮಾರ್ಚ್ 31ರಂದು ರಂಜಾನ್ ಹಬ್ಬ ಮುಗಿಯಿತು. ಒಂದು ವಾರದ ನಂತರ ನಾವು ಕಾರಿನಲ್ಲಿ ಕಾರವಾರದಿಂದ ಹಿಡಿದು ಮನಾಲಿಯವರೆಗೆ ಹೋಗಿ ಬರುತ್ತೇವೆಂದು ಹೇಳಿದಾಗ ಪೇಟೆಯ ಲಿಂಗಾಯತ ಗೆಳೆಯರು "ಏನ್ ಕೆಲಸ ಐತ್ರಿ ಅಲ್ಲಿ?" ಎಂದರು. ನಮ್ಮ ಓಣಿಯವರು "ಕೈಕು?" ಎಂದರು. ದಖನಿಯ ಈ ಒಂದು ಶಬ್ದದಲ್ಲಿ 'ಯಾಕೆ' ಎಂಬ ಪ್ರಶ್ನೆಯೂ ಇದೆ, 'ಬೇಡ' ಎಂಬ ಉತ್ತರವೂ ಇದೆ.

ಕಾರಣ ಸಿಗದಿದ್ದಾಗ ಜನ ತಾವೇ ಒಂದನ್ನು ಹುಡುಕಿ ಕೊಟ್ಟರು. ದೆಹಲಿಯ ದೊಡ್ಡ ಡಾಕ್ಟರಿಗೆ ತೋರಿಸಲು ಹೊರಟಿದ್ದಾರೆ ಎಂದು ಒಬ್ಬರು, ಮಗನಿಗೆ ಹೆಣ್ಣು ನೋಡಲು ಎಂದು ಇನ್ನೊಬ್ಬರು. ನಮ್ಮ ಅತ್ತೆ ಮಾತ್ರ ವ್ಯವಹಾರ ಬಲ್ಲವರು. "ಅಜ್ಮೀರಿಗೆ ಹೋಗ್ತೇವಿ ಅಂತ ಹೇಳಿಬಿಡ್ರಿ, ಬಾಯಿ ಮುಚ್ಚತಾರ" ಎಂದರು. ಅಜ್ಮೀರು ನಮ್ಮ ದಾರಿಯಲ್ಲೇ ಇತ್ತು, ಆದ್ದರಿಂದ ಹಾಗೆ ಹೇಳಿದ್ದು ಸುಳ್ಳೂ ಆಗಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಈ ಬರಹದ ತುಂಬ 'ನಾವು' ಎಂದೇ ಬರುತ್ತದೆ. ಬರೆಯುವ ಕೈ ಹೆಂಡತಿಯದು, ಆದರೆ ನೋಡಿದ್ದು ಇಬ್ಬರೂ. ಮನೆಯವರದು ಬೀಜ-ಗೊಬ್ಬರದ ಅಂಗಡಿ. ಮುಂಗಾರಿನ ಮುಂಚೆ, ಏಪ್ರಿಲಿನಲ್ಲಿ ಅಂಗಡಿಗೆ ಸ್ವಲ್ಪ ಬಿಡುವು. ಮದುವೆಯಾಗಿ ಇಪ್ಪತ್ನಾಲ್ಕು ವರ್ಷ. ಮಗಳು ಗಂಡನ ಮನೆಯಲ್ಲಿದ್ದಾಳೆ, ಮಗ ಹುಬ್ಬಳ್ಳಿಯಲ್ಲಿ ಓದುತ್ತಿದ್ದಾನೆ. ಈ ಇಪ್ಪತ್ನಾಲ್ಕು ವರ್ಷಗಳಲ್ಲಿ ನಾವಿಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಅಕ್ಕಪಕ್ಕ ಕುಳಿತದ್ದು ಕಡಿಮೆ. ಮದುವೆ ಮನೆಗೆ ಹೋದರೆ ಗಂಡಸರ ಪಂದಲ್ ಬೇರೆ, ಹೆಂಗಸರ ಪಂದಲ್ ಬೇರೆ. ಬಸ್ಸಿನಲ್ಲಿ ಹೋದರೆ ಮುಂದೆ ಹೆಂಗಸರು, ಹಿಂದೆ ಗಂಡಸರು.

ಉರ್ದುವಿನಲ್ಲಿ 'ಸೈರ್' ಎಂಬ ಚೆಂದದ ಶಬ್ದವಿದೆ. ಅಡ್ಡಾಡಿ ನೋಡುವುದು, ನೋಡಿ ಖುಷಿಪಡುವುದು, ಎರಡೂ ಅದರಲ್ಲಿದೆ. ಊರಿನ ಉರ್ದು ಶಾಲೆಯಲ್ಲಿ ನಮಗೆ 'ಪಹಾಡ್ ಕೀ ಸೈರ್', 'ದರಿಯಾ ಕೀ ಸೈರ್' ಎಂದು ಪ್ರಬಂಧ ಬರೆಸುತ್ತಿದ್ದರು. ಪಹಾಡನ್ನೂ ಕಂಡಿರಲಿಲ್ಲ, ದರಿಯಾ ಎಂದರೆ ಚೌಡದಾನಪುರದ ತುಂಗಭದ್ರೆ ಅಷ್ಟೇ. ಆದರೂ ಎರಡು ಪುಟ ತುಂಬಿಸುತ್ತಿದ್ದೆವು. ಇಕ್ಬಾಲರ 'ಬಾಂಗ್-ಎ-ದರಾ' ಸಂಕಲನದ ಮೊದಲ ಕವಿತೆಯ ಹೆಸರೇ 'ಹಿಮಾಲಾ'. ಉಸ್ತಾದರು ಅದನ್ನು ರಾಗವಾಗಿ ಓದುವಾಗ ನಮ್ಮ ಮನಸ್ಸಿಗೆ ಬರುತ್ತಿದ್ದದ್ದು ಪೇಟೆಯ ಬರ್ಫಿನ ಗಾಡಿ, ಏಕೆಂದರೆ ಉರ್ದುವಿನಲ್ಲಿ ಗೋಲಾ ಮಾರುವವನ ಬರ್ಫೂ ಬರ್ಫೇ, ಹಿಮಾಲಯದ ಬರ್ಫೂ ಬರ್ಫೇ. ಮುಂದೆ ಕನ್ನಡ ಹೈಸ್ಕೂಲಿಗೆ ಹೋದ ಮೇಲೆ 'ಹಿಮ' ಎಂಬ ಬೇರೆ ಶಬ್ದ ಸಿಕ್ಕಿತು. ಆಗ ಹಿಮಾಲಯ ಬರ್ಫಿನ ಗಾಡಿಯಿಂದ ಬಿಡಿಸಿಕೊಂಡು ಎತ್ತರಕ್ಕೆ ಹೋಯಿತು. ಭೂಮಿಯ ಮೇಲೆ ಸಂಚರಿಸಿ ಕಣ್ಣು ಬಿಟ್ಟು ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಪ್ರಯಾಣಿಕರಿಗೆ ನಾಲ್ಕು ರಕಾತಿನ ನಮಾಜನ್ನು ಎರಡಕ್ಕೆ ಇಳಿಸಿದ ಧರ್ಮ ನಮ್ಮದು. ಅಂದಮೇಲೆ ನಮ್ಮ ಓಣಿಗೆ ಈ 'ಕೈಕು' ಎಲ್ಲಿಂದ ಬಂತೋ! ಬಡತನದಿಂದ ಬಂದಿರಬೇಕು ಅನ್ನಿಸುತ್ತದೆ. ಹೊಟ್ಟೆ ತುಂಬಿಸುವುದೇ ಕಷ್ಟವಾದಾಗ ಕಣ್ಣು ತುಂಬಿಸಿಕೊಳ್ಳುವುದು ಪೋಲು ಖರ್ಚಿನಂತೆ ಕಾಣುತ್ತದೆ.

ಖರ್ಚಿಗೆ ಹೆಂಗಸರ ಚೀಟಿಯ ದುಡ್ಡು ಇತ್ತು. ಕಾರು ಹನ್ನೊಂದು ವರ್ಷ ಹಳೆಯ ವ್ಯಾಗನಾರ್, ನಂಬರು ಹಾವೇರಿ ಜಿಲ್ಲೆಯ ಕೆಎ 27. ಡಿಕ್ಕಿಯಲ್ಲಿ ಕಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಕಂಡವರಿಗೆ ಕೊಡಲು ಬ್ಯಾಡಗಿ ಮೆಣಸಿನಕಾಯಿಯ ಸಣ್ಣ ಸಣ್ಣ ಪೊಟ್ಟಣ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ ಅದು. ಬಣ್ಣ ನೋಡಿ ಹೆದರುತ್ತಾರೆ, ತಿಂದ ಮೇಲೆ ಖಾರವೇ ಇಲ್ಲವಲ್ಲ ಎಂದು ನಗುತ್ತಾರೆ. ಹಾವೇರಿಯ ಪಟವೇಗಾರ ಮನೆತನದವರು ಪೋಣಿಸುವ ಯಾಲಕ್ಕಿ ಹಾರವೊಂದನ್ನು ಕನ್ನಡಿಗೆ ತೂಗುಹಾಕಿಕೊಂಡೆವು. ಸಮ್ಮೇಳನಗಳಲ್ಲಿ ಅಧ್ಯಕ್ಷರ ಕೊರಳಿಗೆ ಬೀಳುವ ಹಾರ ಅದು. ನಮ್ಮ ಕಾರಿಗೂ ಒಂದು ಮರ್ಯಾದೆ ಇರಲಿ ಎಂದುಕೊಂಡೆವು.

ಏಪ್ರಿಲ್ 7ರ ಸೋಮವಾರ ಫಜರ್ ಮುಗಿಸಿ ಹೊರಟೆವು. ಬಂಕಾಪುರ ದಾಟಿ ಮುಂಡಗೋಡಿಗೆ ಬಂದಾಗ ಚಹಾ ಕುಡಿಯಲು ನಿಂತೆವು. 1966ರಿಂದ ಅಲ್ಲಿ ಟಿಬೆಟಿನ ನಿರಾಶ್ರಿತರ ನೆಲೆ ಇದೆ. ಚಳಿಗಾಲದಲ್ಲಿ ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುವ ಟಿಬೆಟಿನವರು ನಮಗೆ ಹೊಸಬರಲ್ಲ. ಚಹಾದಂಗಡಿಯಲ್ಲಿ ಜಪಮಾಲೆ ಎಣಿಸುತ್ತ ಕುಳಿತಿದ್ದ ಮುದುಕಿಯೊಬ್ಬರು ನಮ್ಮ ಕಡೆಯ ಕನ್ನಡದಲ್ಲೇ ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಹಿಮ ನೋಡಲು ಎಂದೆವು. ಬೊಚ್ಚುಬಾಯಿ ತೆರೆದು ನಕ್ಕರು. "ಅದನ್ನ ನೋಡಾಕ ಹೋಗ್ತೀರಿ? ನಾವು ಅದನ್ನ ದಾಟಿ ಓಡಿಬಂದೇವಿ" ಎಂದರು. ಆ ಮಾತು ಅರಬೈಲ್ ಘಟ್ಟ ಇಳಿಯುವವರೆಗೂ ಕಾರಿನಲ್ಲಿ ನಮ್ಮ ಜೊತೆ ಇತ್ತು.

ಅಂಕೋಲಾದಿಂದ ಕಾರವಾರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಸಮುದ್ರ ಕಾಣಿಸಿಕೊಳ್ಳುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣಿಸುತ್ತದೆ. ನಮ್ಮೂರಿನಿಂದ ಸಮುದ್ರ ಐದು ತಾಸಿನ ದಾರಿ. ಆದರೂ ಊರಿನಲ್ಲಿ ಅದನ್ನು ಕಾಣದವರೇ ಹೆಚ್ಚು. ನಮ್ಮ ಹೊಳೆಯೇ ಸಮುದ್ರಕ್ಕೆ ಬೆನ್ನು ಮಾಡಿ ಹರಿಯುತ್ತದೆ. ತುಂಗೆ, ಭದ್ರೆ, ವರದೆ ಎಲ್ಲ ಪಶ್ಚಿಮದ ಸಮುದ್ರದ ಸಮೀಪ ಹುಟ್ಟಿಯೂ ಪೂರ್ವಕ್ಕೆ ನಡೆದು, ದೂರದ ಬಂಗಾಳ ಕೊಲ್ಲಿಯ ದಾರಿ ಹಿಡಿದಿವೆ. ಸಂಜೆ ಕಾರವಾರದ ದಂಡೆಯ ಮೇಲೆ ಕುಳಿತಾಗ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹತ್ತೊಂಬತ್ತರ ವಯಸ್ಸಿನಲ್ಲಿ ಹಡಗಿನ ಕೆಲಸದ ಫಾರ್ಮು ತರಿಸಿದ್ದೆ. ಅಬ್ಬಾ ಅದನ್ನು ಮಡಚಿ ಇಟ್ಟು ಅಂಗಡಿಯ ಬೀಗದ ಕೈ ಕೊಟ್ಟರು" ಎಂದರು. ನಮ್ಮ ಮಾತೆಲ್ಲ ನಡೆದದ್ದು ದಖನಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಇಪ್ಪತ್ನಾಲ್ಕು ವರ್ಷ ಒಂದೇ ಒಲೆಯ ಅನ್ನ ಉಂಡವರು ಈ ಮಾತನ್ನು ಕೇಳಲು ಕಾರವಾರದ ಮರಳಿಗೆ ಬರಬೇಕಾಯಿತು. ಆ ಫಾರ್ಮು ಈಗ ಎಲ್ಲಿದೆ ಎಂದು ಕೇಳಿದ್ದಕ್ಕೆ, "ಬೀರುವಿನಲ್ಲಿ, ಜಮೀನಿನ ಕಾಗದದ ಕೆಳಗೆ" ಎಂದರು. ಬೀರುವಿನ ಕೀಲಿಕೈ ಇರುವುದು ಹೆಂಡತಿಯ ಸೊಂಟದಲ್ಲಿ!

ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತ್ತು. ಚಾಲಕ ಬದುಕಿ ಬಂದದ್ದು ಪವಾಡ. ನಾವು ಹೊಸ ಸೇತುವೆಯ ಮೇಲೆ ಉಸಿರು ಬಿಗಿಹಿಡಿದು ದಾಟಿದೆವು. ಗೋವಾದಲ್ಲಿ ನಿಲ್ಲಲಿಲ್ಲ. ಗೋವಾ ಎಂದೊಡನೆ ಊರಿನವರು ಏನೆಂದುಕೊಳ್ಳುತ್ತಾರೆಂಬುದು ಓದುಗರಿಗೂ ಗೊತ್ತು.

ನಿಂತದ್ದು ರತ್ನಾಗಿರಿಯಲ್ಲಿ. ಅಲ್ಲಿ ಗುಡ್ಡದ ಮೇಲೆ ಥೀಬಾ ಅರಮನೆ ಇದೆ. ಬರ್ಮಾದ ಕೊನೆಯ ದೊರೆ ಥೀಬಾನನ್ನು ಬ್ರಿಟಿಷರು 1885ರಲ್ಲಿ ಗದ್ದುಗೆಯಿಂದ ಇಳಿಸಿ, ರಾಣಿ ಸುಪಯಾಲತ್ ಮತ್ತು ಪುಟ್ಟ ಹೆಣ್ಣುಮಕ್ಕಳ ಸಮೇತ ತಂದು ಇಲ್ಲಿಟ್ಟರು. ಈ ಅರಮನೆ ಕಟ್ಟಿ ಮುಗಿಸಿದ್ದು 1910ರಲ್ಲಿ. 1916ರಲ್ಲಿ ಆತ ಇಲ್ಲಿಯೇ ತೀರಿಕೊಂಡ. ಮೂವತ್ತು ವರ್ಷ ಗಂಡ ಹೆಂಡತಿ ಈ ಊರಿನಲ್ಲಿ ಕೂತು ಅರಬ್ಬಿ ಸಮುದ್ರವನ್ನು ನೋಡಿದರು. ಅವರ ಊರಿಗೆ ಹೋಗುವ ದಾರಿ ಆ ಸಮುದ್ರದಲ್ಲಿ ಇರಲೂ ಇಲ್ಲ, ಅದು ಇನ್ನೊಂದು ಕಡೆಯ ಕಡಲಿನಲ್ಲಿತ್ತು. ಇದಕ್ಕೆ ಮುಂಚೆ ಇದೇ ಬ್ರಿಟಿಷರು ದೆಹಲಿಯ ಬಹಾದುರ್ ಶಾ ಜಫರ್ ಮತ್ತು ಬೇಗಂ ಜೀನತ್ ಮಹಲರನ್ನು ರಂಗೂನಿಗೆ ಕಳಿಸಿದ್ದರು. ಆತ 1862ರಲ್ಲಿ ಅಲ್ಲಿಯೇ ಮಣ್ಣಾದ. ನಮ್ಮ ಬಾದಶಹನಿಗೆ ಅವರ ನೆಲ, ಅವರ ದೊರೆಗೆ ನಮ್ಮ ನೆಲ. ಜಫರನ ಕಥೆಯನ್ನು ಉರ್ದು ಶಾಲೆಯಲ್ಲಿ ಅಳುತ್ತ ಓದಿದ್ದೆವು. ಈ ದೊರೆಯ ಹೆಸರನ್ನು ಯಾವ ಶಾಲೆಯಲ್ಲೂ ಹೇಳಿಕೊಟ್ಟಿರಲಿಲ್ಲ. ಅರಮನೆಯ ಕೆಂಪು ಗೋಡೆಗಳ ಮುಂದೆ ನಿಂತು ಕೆಳಗಿನ ನೀರನ್ನು ನೋಡುವಾಗ, ನೋಡುವುದೂ ಒಂದು ಶಿಕ್ಷೆಯಾಗಬಲ್ಲದು ಅನ್ನಿಸಿತು. ನಮಗೆ ಬೇಕಾದಾಗ ಎದ್ದು ಹೊರಡಬಹುದಿತ್ತು. ಎದ್ದು ಹೊರಟೆವು.

ಮುಂಬೈಯನ್ನು ಹೊಸ ಅಟಲ್ ಸೇತುವಿನ ಮೇಲಿಂದ ಹೊಕ್ಕೆವು. 2024ರ ಜನವರಿಯಲ್ಲಿ ತೆರೆದ, ಸುಮಾರು 22 ಕಿಲೋಮೀಟರ್ ಉದ್ದದ ಸೇತುವೆ ಅದು, ಹೆಚ್ಚಿನ ಪಾಲು ನೀರಿನ ಮೇಲೇ. ಎರಡು ದಿನ ಕುರ್ಲಾದಲ್ಲಿ ನೆಂಟರ ಮನೆಯಲ್ಲಿದ್ದೆವು. ಊರಿನಿಂದ ಬರುವಾಗ ಒಂದು ಆಸೆ ಇತ್ತು. ತಾಯಿಯ ತಂದೆ ಎಪ್ಪತ್ತರ ದಶಕದಲ್ಲಿ ಹಜ್‌ಗೆ ಹೋದದ್ದು ಮುಂಬೈಯಿಂದ ಹಡಗಿನಲ್ಲಿ. ಕ್ರಾಫರ್ಡ್ ಮಾರ್ಕೆಟ್ಟಿನ ಬಳಿಯ ಸಾಬು ಸಿದ್ದೀಕ್ ಮುಸಾಫಿರ್‌ಖಾನೆಯಲ್ಲಿ ಹಾಸಿಗೆ ಬಿಚ್ಚಿ ದಿನಗಟ್ಟಲೆ ಹಡಗಿಗೆ ಕಾದದ್ದನ್ನು ಅವರು ಸಾಯುವವರೆಗೂ ಹೇಳುತ್ತಿದ್ದರು. ಹಡಗಿನ ಹಜ್ 1995ರಲ್ಲಿ ನಿಂತಿತು. ಈಗ ಐದಾರು ತಾಸಿನಲ್ಲಿ ಜಿದ್ದಾ ಮುಟ್ಟುವವರಿಗೆ ಆ ಕಾಯುವಿಕೆ ಕಥೆಯಂತೆ ಕೇಳಿಸೀತು. ಮುಸಾಫಿರ್‌ಖಾನೆಯ ಎದುರು ನಿಂತು ನೋಡಿದೆವು. ಅಜ್ಜನ ಹಾಸಿಗೆ ಯಾವ ಮೂಲೆಯಲ್ಲಿತ್ತೋ!

ಹಾಜಿ ಅಲಿ ದರ್ಗಾಕ್ಕೆ ಹೋಗುವ ಕಾಲುದಾರಿ ಭರತದ ಹೊತ್ತಿನಲ್ಲಿ ಮುಳುಗುತ್ತದೆ. ನಾವು ಇಳಿತ ನೋಡಿಕೊಂಡು ಹೋದೆವು. ಒಳಗಿನ ಮಜಾರಿನ ಬಳಿಗೆ ಹೆಂಗಸರು ಹೋಗದಂತೆ ಕೆಲವು ವರ್ಷ ತಡೆದಿದ್ದರು. ನೂರ್‌ಜಹಾನ್ ನಿಯಾಜ್ ಮತ್ತು ಜಕಿಯಾ ಸೋಮನ್ ಕೋರ್ಟಿಗೆ ಹೋದರು. 2016ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ತಡೆ ಸಲ್ಲದೆಂದಿತು, ಅದೇ ನವೆಂಬರಿನಿಂದ ಬಾಗಿಲು ತೆರೆಯಿತು. ಈ ಸಂಗತಿಯನ್ನು ಆಗ ಊರಿನಲ್ಲಿ ಓದಿದಾಗ ದೂರದ ಸುದ್ದಿಯಾಗಿತ್ತು. ಹೆಂಗಸರ ಸಾಲಿನಲ್ಲಿ ನಿಂತು ಒಳಗೆ ಹೋದಾಗ ಅದು ನಮ್ಮ ಸುದ್ದಿಯಾಯಿತು. ಹೊರಗೆ ಚಪ್ಪಲಿ ಕಾಯುತ್ತ ನಿಂತ ಮನೆಯವರು, "ಒಳಗೆ ಏನು ಬೇಡಿಕೊಂಡೆ?" ಎಂದರು. ಬ್ರೇಕು ಸರಿಯಾಗಿ ಹಿಡಿಯಲಿ ಎಂದು, ಅಂದದ್ದಕ್ಕೆ ಇಬ್ಬರೂ ನಕ್ಕೆವು.

ಸೂರತ್ತಿನಲ್ಲಿ 1644ರಲ್ಲಿ ಕಟ್ಟಿದ ಮೊಗಲ್‌ಸರಾಯಿ ಇದೆ. ಮೊಗಲರ ಕಾಲದಲ್ಲಿ ಹಜ್ ಯಾತ್ರಿಕರು ಹಡಗು ಹತ್ತುತ್ತಿದ್ದದ್ದು ಸೂರತ್ತಿನಿಂದ. ಅವರು ತಂಗಲೆಂದು ಕಟ್ಟಿದ ಛತ್ರ ಅದು. ಬಹುಕಾಲದಿಂದ ನಗರಪಾಲಿಕೆಯ ಕಚೇರಿ ಅಲ್ಲಿ ನಡೆಯುತ್ತದೆ. ನಾವು ಹೋದದ್ದು ಎರಡನೇ ಶನಿವಾರ, ಹೊರಗಿನಿಂದ ನೋಡಿ ಬಂದೆವು. ಸಮುದ್ರ ನಮ್ಮ ಕೈ ಬಿಟ್ಟದ್ದು ಅಲ್ಲಿಯೇ. ಅಲ್ಲಿಂದ ಮುಂದೆ ಉದಯಪುರ, ಅಜ್ಮೀರು, ಜೈಪುರ, ಚಂಡೀಗಢ, ಎಲ್ಲ ಬಿಸಿಲು, ಲಾರಿ ಮತ್ತು ಟೋಲ್. ಅಜ್ಮೀರಿನಲ್ಲಿ ಅತ್ತೆಯ ಹೆಸರಿನಲ್ಲಿ ಫಾತಿಹಾ ಓದಿಸಿದೆವು. ಅಷ್ಟಕ್ಕೆ ನಮ್ಮ ಪ್ರಯಾಣಕ್ಕೊಂದು ಊರು ಒಪ್ಪುವ ಕಾರಣ ಸಿಕ್ಕಿತು.

ಈ ಬಿಸಿಲಿನ ದಾರಿಯಲ್ಲೇ ಇಬ್ಬರೂ ಸರದಿಯ ಮೇಲೆ ಕಾರು ಓಡಿಸಿದ್ದು. ಹೆಂಡತಿ ರಾಣೇಬೆನ್ನೂರಿನಲ್ಲಿ ಕಾರು ಕಲಿತು ಲೈಸೆನ್ಸು ಪಡೆದು ಆರು ವರ್ಷ ಆಗಿತ್ತು. ಗುತ್ತಲದ ಪೇಟೆಯಲ್ಲಿ ಓಡಿಸಿದರೆ ನೋಡುವ ಕಣ್ಣುಗಳಿಗೆ ಹೆದರಿ ಲೈಸೆನ್ಸು ಪೆಟ್ಟಿಗೆ ಸೇರಿತ್ತು. ರಾಜಸ್ಥಾನದ ಹೆದ್ದಾರಿಯಲ್ಲಿ ನಮ್ಮನ್ನು ನೋಡುವವರು ಯಾರು? ಮನೆಯವರು ಪಕ್ಕದ ಸೀಟಿನಲ್ಲಿ ಮೊದಲ ಐವತ್ತು ಕಿಲೋಮೀಟರ್ ಕಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಆಮೇಲೆ ನಿದ್ದೆ ಹೋದರು. ಗಂಡಸು ಹೆಂಡತಿಯ ಮೇಲೆ ಇಷ್ಟು ಭರವಸೆ ಇಟ್ಟು ಗೊರಕೆ ಹೊಡೆಯುವುದು ಸಣ್ಣ ಮಾತಲ್ಲ. ಪೆಟ್ರೋಲ್ ಬಂಕಿನ ಹುಡುಗರು ಕೆಎ 27 ಎಂದರೆ ಯಾವ ಊರು ಎನ್ನುತ್ತಿದ್ದರು. ನಮ್ಮ ದಖನಿ ಕೇಳಿ "ಹೈದರಾಬಾದಿನವರಾ?" ಎಂದು ನಗುತ್ತಿದ್ದರು. ನಮ್ಮದು ಉರ್ದು ಎಂದು ನಾವು ಎಣಿಸಿದ್ದೆವು. ಅವರ ಕಿವಿಗೆ ಅದು ತಮಾಷೆಯ ಹಿಂದಿ, ಅಷ್ಟೇ.

16ರ ರಾತ್ರಿ ಮನಾಲಿ ಮುಟ್ಟಿದೆವು. ಉಳಿದದ್ದು ಊರ ಹೊರಗೆ ಸೇಬಿನ ತೋಟದ ನಡುವಿನ ಒಂದು ಮನೆಯಲ್ಲಿ. ಮನೆಯ ಹಿರಿಯರಿಗೆ ಎಂಬತ್ತು ದಾಟಿತ್ತು. ತಲೆಯ ಮೇಲೆ ಕುಲ್ಲು ಟೋಪಿ. ನಮ್ಮ ಹೆಸರು ಕೇಳಿ ಅವರು ಮಾಡಿದ ಮೊದಲ ಕೆಲಸವೆಂದರೆ ಒಳಗಿನಿಂದ ಪೆನ್ನು ತಂದು ಪೇಪರಿನ ಅಂಚಿನಲ್ಲಿ ತಮ್ಮ ಹೆಸರನ್ನು ಉರ್ದುವಿನಲ್ಲಿ ಬರೆದು ತೋರಿಸಿದ್ದು! ಕೈ ನಡುಗುತ್ತಿತ್ತು, ಆದರೆ ನುಕ್ತೆಗಳೆಲ್ಲ ಸರಿಯಾದ ಜಾಗದಲ್ಲಿ ಬಿದ್ದವು. ಆ ಕಡೆ ಹಳೆಯ ತಲೆಮಾರಿನವರು ಉರ್ದು ಓದಿದವರು, ಜಮೀನಿನ ಹಳೆಯ ದಾಖಲೆಗಳೂ ಉರ್ದುವಿನಲ್ಲೇ ಇವೆ. "ಮೊಮ್ಮಕ್ಕಳಿಗೆ ಬರುವುದಿಲ್ಲ. ತೋಟದ ಕಾಗದ ಓದಬೇಕಾದರೆ ನನ್ನನ್ನೇ ಕರೆಯುತ್ತಾರೆ, ಅದಕ್ಕೇ ಇನ್ನೂ ಮರ್ಯಾದೆ ಕೊಡುತ್ತಾರೆ" ಎಂದು ಕಣ್ಣು ಮಿಟುಕಿಸಿದರು. ನಮ್ಮೂರಿನಲ್ಲಿ ಉರ್ದು ಶಾಲೆಯ ಬೋರ್ಡನ್ನು ಜನ ಸಾಬರ ಅಕ್ಷರ ಎನ್ನುತ್ತಾರೆ. ಈ ಠಾಕೂರರ ಕೈಬರಹವನ್ನು ಫೋಟೊ ತೆಗೆದುಕೊಂಡೆವು.

ಮರುದಿನ ಅಟಲ್ ಸುರಂಗ. 2020ರ ಅಕ್ಟೋಬರ್ 3ರಂದು ತೆರೆದದ್ದು, ಉದ್ದ 9.02 ಕಿಲೋಮೀಟರ್, ಸಮುದ್ರ ಮಟ್ಟದಿಂದ 3,000 ಮೀಟರಿಗೂ ಮೇಲೆ. ಅದಕ್ಕೆ ಮುಂಚೆ ಲಾಹೌಲಿನ ಜನ ರೋಹ್ತಾಂಗ್ ಕಣಿವೆ ಹಿಮದಲ್ಲಿ ಮುಚ್ಚಿಹೋದಾಗ ತಿಂಗಳುಗಟ್ಟಲೆ ಹೊರಗಿನ ಲೋಕದಿಂದ ಕಡಿದುಹೋಗುತ್ತಿದ್ದರು. ಈ ಕಡೆ ಪೈನ್ ಮರಗಳ ಹಸಿರು ಬಿಟ್ಟು ಒಳಹೊಕ್ಕರೆ, ಹತ್ತು ಹನ್ನೆರಡು ನಿಮಿಷದಲ್ಲಿ ಆ ಕಡೆ ಮರವೇ ಇಲ್ಲದ ಬೋಳು ಬೆಟ್ಟಗಳು, ಕೆಳಗೆ ಚಂದ್ರಾ ನದಿ, ಸುತ್ತ ಬಿಳುಪು. ಕೋಕ್ಸರ್ ಕಡೆ ಸ್ವಲ್ಪ ದೂರ ಹೋಗಿ ಕಾರು ನಿಲ್ಲಿಸಿದೆವು.

ನಿಜ ಹೇಳಬೇಕೆಂದರೆ, ರಸ್ತೆಯ ಅಂಚಿನ ಹಿಮ ಕೊಳಕಾಗಿತ್ತು. ಟಯರಿನ ಕರಿ, ಬಿಸ್ಕತ್ತಿನ ಕಾಗದ, ಮ್ಯಾಗಿಯ ಅಂಗಡಿಗಳು, ಬಾಡಿಗೆಯ ಗಮ್‌ಬೂಟು, ಎತ್ತರದ ದನಿಯಲ್ಲಿ ಹಾಡು. ರಾಣೇಬೆನ್ನೂರಿನ ಹತ್ತಿಯ ರಾಶಿಯ ಹಾಗೆ ಮೆತ್ತಗೆ ಇರುತ್ತದೆಂದು ಎಣಿಸಿದ್ದು ದಪ್ಪ ರವೆಯ ಹಾಗೆ ಗರಗರ ಎನ್ನುತ್ತಿತ್ತು. ಇನ್ನಷ್ಟು ಮೇಲೆ, ಜನರಿಲ್ಲದ ಕಡೆಗೆ ಉಸಿರು ಕಟ್ಟಿಕೊಂಡು ಹತ್ತಿದೆವು. ಅಲ್ಲಿ ಸಿಕ್ಕಿತು. ಹೆಜ್ಜೆ ಬೀಳದ ಹಿಮ. ಮನೆಯವರು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು, "ಬಣ್ಣದ ನೀರು ಹಾಕದ ಗೋಲಾ" ಎಂದರು. ಉಸ್ತಾದರ 'ಹಿಮಾಲಾ' ಮತ್ತೆ ಪೇಟೆಯ ಗಾಡಿಗೆ ಇಳಿಯಿತು. ಗೊಬ್ಬರದ ಚೀಲವೊಂದನ್ನು ಹಾಸಿ ಕುಳಿತು ಕಡಕ್ ರೊಟ್ಟಿ ಮುರಿದು ಚಟ್ನಿ ಹಚ್ಚಿಕೊಂಡು ತಿಂದೆವು. ಸದ್ದೆಂದರೆ ರೊಟ್ಟಿ ಮುರಿಯುವ ಸದ್ದು. ಇಬ್ಬರೂ ಒಂದೇ ಕಡೆಗೆ ನೋಡುತ್ತಿದ್ದೆವು. ಅಂಗಡಿ, ಮಗನ ಫೀಸು, ಮಗಳ ಹೆರಿಗೆ ಯಾವುದರ ಮಾತೂ ಬರಲಿಲ್ಲ. ಮುಂಡಗೋಡಿನ ಮುದುಕಿ ಇಂಥದ್ದರ ಮೇಲೆ ಮಗುವನ್ನು ಕಟ್ಟಿಕೊಂಡು ರಾತ್ರಿಯಲ್ಲಿ ನಡೆದಿರಬಹುದೇ ಎಂದು ಒಮ್ಮೆ ಯೋಚನೆ ಬಂತು. ಬೂಟಿನೊಳಗೆ ಕಾಲ್ಬೆರಳು ಜೋಮು ಹಿಡಿಯತೊಡಗಿದಾಗ ಎದ್ದೆವು.

ಆ ಹಿಮ ಕರಗಿ ಚಂದ್ರಾ ನದಿಗೆ ಸೇರುತ್ತದೆ. ಚಂದ್ರಾ ಮುಂದೆ ತಾಂಡಿ ಎಂಬಲ್ಲಿ ಭಾಗಾ ನದಿಯನ್ನು ಕೂಡಿ ಚಿನಾಬ್ ಆಗುತ್ತದೆ, ಜಮ್ಮುವಿನ ಕಣಿವೆಗಳನ್ನು ಹಾದು ಪಾಕಿಸ್ತಾನಕ್ಕೆ ಹೋಗುತ್ತದೆ. ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುವುದನ್ನು ನೋಡಿ ಬೆಳೆದ ನಮಗೆ ತಾಂಡಿಯನ್ನೂ ನೋಡುವ ಆಸೆ ಇತ್ತು. ಕಾಶ್ಮೀರಕ್ಕೂ ಹೋಗಿ ಬರೋಣವೇ ಎಂಬ ಮಾತೂ ಬಂದಿತ್ತು. ದಿನಗಳು ಸಾಲದೆಂದು ಎರಡನ್ನೂ ಬಿಟ್ಟು 19ಕ್ಕೆ ಕೆಳಗಿಳಿದೆವು. (ಅದೇ ಆಗಸ್ಟ್‌ನಲ್ಲಿ ಬಿಯಾಸ್ ನದಿ ಉಕ್ಕಿ ಮನಾಲಿಯ ರಸ್ತೆಯನ್ನು ಅಲ್ಲಲ್ಲಿ ಕೊಚ್ಚಿಕೊಂಡು ಹೋದ ಚಿತ್ರಗಳನ್ನು ಟಿವಿಯಲ್ಲಿ ನೋಡಿದಾಗ ಆ ಸೇಬಿನ ತೋಟದ ಅಜ್ಜನಿಗೆ ಫೋನು ಮಾಡಿದೆವು. ಮನೆ ಎತ್ತರದಲ್ಲಿದೆ, ನೀರು ಬಂದಿಲ್ಲ ಎಂದರು.)

ಹಿಂದಿರುಗುವಾಗ ನಮ್ಮ ಲೆಕ್ಕ ಸುಲಭವಾಗಿತ್ತು. ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗ್ರೂರಿನಲ್ಲಿ ಹುಟ್ಟಿ ಜೈಪುರ, ಕೋಟಾ, ಇಂದೋರ್, ಸೋಲಾಪುರ, ವಿಜಯಪುರ, ಹುಬ್ಬಳ್ಳಿಯ ಮೇಲೆ ಬಂದು ಅಂಕೋಲಾದಲ್ಲಿ ಮುಗಿಯುತ್ತದೆ. ಹೋಗುವಾಗ ಅರಬೈಲ್ ಘಟ್ಟದಲ್ಲಿ ಇಳಿದದ್ದು ಇದೇ ರಸ್ತೆಯಲ್ಲಿ. ಜೈಪುರದಿಂದ ಇದನ್ನೇ ಹಿಡಿದರೆ ಮನೆ. ನಡುವೆ ಒಂದು ದಿನ ಉಜ್ಜಯಿನಿಗೆ ಹೋಗಬೇಕೆಂಬುದು ಮನೆಯವರ ಹಟ. ಅದಕ್ಕೊಂದು ಕಾರಣವಿದೆ. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ನಮ್ಮ ಗುತ್ತಲ, ಅಂದಿನ ಗುತ್ತವೊಳಲು, ಗುತ್ತರೆಂಬ ಅರಸರ ರಾಜಧಾನಿ. ಊರಿನ ಚಂದ್ರಶೇಖರ ಗುಡಿ, ಚೌಡದಾನಪುರದ ಮುಕ್ತೇಶ್ವರ ಗುಡಿ ಆ ಕಾಲದವು. ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಈ ಸಣ್ಣ ಅರಸರು ಶಾಸನಗಳಲ್ಲಿ ತಾವು ಗುಪ್ತರ ಕುಲದವರು, ಉಜ್ಜಯಿನಿಯ ಒಡೆಯರು ಎಂದು ಬರೆಸಿಕೊಂಡರು. ಸಾವಿರ ಕಿಲೋಮೀಟರ್ ದೂರದ ಊರಿನ ಹೆಸರನ್ನು ಬಿರುದಾಗಿ ಹೊತ್ತ ಅರಸರ ಊರಿನವರು ನಾವು, ಅದನ್ನೊಮ್ಮೆ ನೋಡೋಣ ಎಂದರು.

ಏಪ್ರಿಲ್ 22. ಝಾಲಾವಾಡದ ಬಳಿ ಧಾಬಾದಲ್ಲಿ ಕುಳಿತಿದ್ದಾಗ ಮಗನ ಫೋನು. "ಅಮ್ಮಿ, ಎಲ್ಲಿದ್ದೀರಿ? ಕಾಶ್ಮೀರಕ್ಕೆ ಹೋಗಿಲ್ಲ ತಾನೇ?" ದನಿ ನಡುಗುತ್ತಿತ್ತು. ಧಾಬಾದ ಟಿವಿಯಲ್ಲಿ ಆಗತಾನೇ ಸುದ್ದಿ ಬರತೊಡಗಿತ್ತು. ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ ಪ್ರವಾಸಿಗಳ ಮೇಲೆ ಗುಂಡು. ಮೊದಲು ಒಬ್ಬರು ಎಂದರು, ರಾತ್ರಿಯ ಹೊತ್ತಿಗೆ ಇಪ್ಪತ್ತಾರು. ಹೆಸರು ಕೇಳಿ, ಧರ್ಮ ಕೇಳಿ ಹೊಡೆದರು ಎಂದರು. ಧಾಬಾದಲ್ಲಿ ಮಾತು ನಿಂತಿತು. ನಮ್ಮ ತಟ್ಟೆಯ ರೊಟ್ಟಿ ಹಾಗೇ ಉಳಿಯಿತು. ದುಡ್ಡು ಕೊಟ್ಟು ಕಾರಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆಯೇ ನಾವು ಒಬ್ಬರ ಮುಖ ಒಬ್ಬರು ನೋಡಿದ್ದು.

ಉಜ್ಜಯಿನಿ ಮುಟ್ಟಿದಾಗ ರಾತ್ರಿ ಒಂಬತ್ತು. ಮೊದಲ ಲಾಡ್ಜಿನಲ್ಲಿ ಹುಡುಗ ರೂಮು ಇದೆ ಎಂದ, ನಮ್ಮ ಆಧಾರ್ ಕಾರ್ಡುಗಳನ್ನು ನೋಡಿದ, ಒಳಗೆ ಹೋಗಿ ಬಂದು ಎಲ್ಲ ತುಂಬಿದೆ ಎಂದ. ಅವನ ಹಿಂದಿನ ಹಲಗೆಯಲ್ಲಿ ಕೀಲಿಕೈಗಳು ನೇತಾಡುತ್ತಿದ್ದವು. ಮನೆಯವರು, "ಯಾತ್ರೆಯ ಊರು, ಬುಕಿಂಗ್ ಇರಬಹುದು" ಎಂದರು. ಇರಬಹುದು. ಎರಡನೆಯ ಲಾಡ್ಜಿನಲ್ಲಿ ಕಾರ್ಡು ಚಾಚುವಾಗ ಕೈ ಒಂದು ಕ್ಷಣ ತಡೆಯಿತು. ಆ ದಿನ ಎಷ್ಟೋ ಜನ ಹೆಸರು ಹೇಳಿ ಸತ್ತಿದ್ದರು. ನಮ್ಮ ಹೆಸರು ಹೇಳಲು ನಮಗೆ ಹಿಂಜರಿಕೆಯಾಗುತ್ತಿತ್ತು. ಎರಡೂ ಒಂದೇ ತೂಕದ್ದಲ್ಲ, ಅದು ನಮಗೆ ಗೊತ್ತಿತ್ತು. ಆದರೂ ಎರಡೂ ಒಂದೇ ದಿನದ ಸಂಗತಿಗಳು.

ಕೌಂಟರಿನ ಹಿಂದೆ ಇದ್ದವರು ವಯಸ್ಸಾದವರು. ಕನ್ನಡಕ ಏರಿಸಿ, "ಗುತ್ತಲ್, ಇದೆಲ್ಲಿ?" ಎಂದರು. ಸುಮ್ಮನಿರಲಾರದೆ ಮನೆಯವರು ಗುತ್ತರ ಕಥೆ, ಗುಪ್ತರ ಕುಲ, ಉಜ್ಜಯಿನಿಯ ಬಿರುದು ಎಲ್ಲವನ್ನೂ ಹೇಳಿಬಿಟ್ಟರು. ಮುದುಕರು ರಿಜಿಸ್ಟರಿನಲ್ಲಿ ನಮ್ಮ ಹೆಸರನ್ನು ನಿಧಾನವಾಗಿ ಬರೆದು ಮುಗಿಸಿ, "ಇಲ್ಲಿಗೆ ಬರುವ ಅರ್ಧ ಜನ ವಿಕ್ರಮಾದಿತ್ಯನ ವಂಶದವರೇ. ಬಿಸಿನೀರು ಬೆಳಿಗ್ಗೆ ಏಳರವರೆಗೆ ಮಾತ್ರ" ಎಂದು ಕೀಲಿಕೈ ಕೊಟ್ಟರು. ಆ ರಾತ್ರಿ ನಮಗೆ ಬೇಕಾಗಿದ್ದದ್ದು ಇಂಥ ಮಾತೇ.

ರೂಮಿನಲ್ಲಿ ಟಿವಿ ಆರಿಸಲೂ ಆಗಲಿಲ್ಲ, ನೋಡಲೂ ಆಗಲಿಲ್ಲ. ಹುಲ್ಲಿನ ಮೇಲೆ ಗಂಡನ ದೇಹದ ಪಕ್ಕದಲ್ಲಿ ಕುಳಿತ ಹೊಸ ಮದುವೆಯ ಹುಡುಗಿಯ ಚಿತ್ರ. ಹೆಂಡತಿ ಮತ್ತು ಮಗನೊಂದಿಗೆ ಹೋಗಿದ್ದ ನಮ್ಮ ಶಿವಮೊಗ್ಗದವರೊಬ್ಬರು. ಬೆಂಗಳೂರಿನವರು. ಪ್ರವಾಸಿಗಳನ್ನು ಉಳಿಸಲು ಹೋಗಿ ಜೀವ ಬಿಟ್ಟ ಕುದುರೆಯಾಳು ಸೈಯದ್ ಆದಿಲ್ ಹುಸೇನ್ ಶಾ. ಅವನ ತಾಯಿ ಅಳುತ್ತಿದ್ದ ದೃಶ್ಯ. ಮನೆಯವರು ತಲೆಗೆ ಕೈ ಕೊಟ್ಟು ಕುಳಿತು, "ಹದಿನೈದು ದಿನ ನಾವು ಮಾಡಿದ್ದನ್ನೇ ಅವರೂ ಮಾಡುತ್ತಿದ್ದರು. ಸುಮ್ಮನೆ ನೋಡಲು ಹೋದವರು" ಎಂದರು. ಫೋನಿನಲ್ಲಿ ನಾವು ತೆಗೆದ ಹಿಮದ ಚಿತ್ರಗಳಿದ್ದವು. ಮಗಳು ಅವುಗಳನ್ನು ಸ್ಟೇಟಸ್ಸಿಗೆ ಹಾಕಿದ್ದಳು, ತೆಗೆಸಿದೆವು.

ಮರುದಿನ ಇಂದೋರ್ ದಾಟಿ ಧುಳೆಯವರೆಗೆ ಹೆಚ್ಚು ಮಾತಿಲ್ಲ. ಉಜ್ಜಯಿನಿಯಲ್ಲಿ ಕ್ಷಿಪ್ರಾ ನದಿಯನ್ನು ಸೇತುವೆಯ ಮೇಲಿಂದ ನೋಡಿದ್ದಷ್ಟೇ. ಸಂಜೆ ಸಿಂಧೂ ನದಿ ಒಪ್ಪಂದವನ್ನು ಭಾರತ ತಡೆಹಿಡಿದಿದೆ ಎಂಬ ಸುದ್ದಿ ಬಂತು. 1960ರ ಆ ಒಪ್ಪಂದದ ಪಟ್ಟಿಯಲ್ಲಿ ಚಿನಾಬೂ ಒಂದು. ಆರು ದಿನದ ಹಿಂದೆ ನಾವು ರೊಟ್ಟಿ ತಿನ್ನುತ್ತ ನೋಡಿದ ನೀರು ಈಗ ಸ್ಟುಡಿಯೋಗಳಲ್ಲಿ ಕೂಗಾಡುವವರ ಬಾಯಲ್ಲಿತ್ತು. ಊರಿನಿಂದ ಫೋನಿನ ಮೇಲೆ ಫೋನು. ಅಂಗಡಿಯ ಪಕ್ಕದ ಗೆಳೆಯರು, "ಹುಷಾರಾಗಿ ಬರ್ರಿ. ರಾತ್ರಿ ಗಾಡಿ ಹೊಡೀಬ್ಯಾಡ್ರಿ" ಎಂದರು. 'ಏನ್ ಕೆಲಸ ಐತ್ರಿ' ಎಂದು ಮೊದಲು ಕೇಳಿದ್ದವರು ಅವರೇ.

25ರ ಶುಕ್ರವಾರ ಭೀಮಾ ನದಿ ದಾಟಿ ಕನ್ನಡದ ಬೋರ್ಡುಗಳು ಕಂಡಾಗ ಕಾರು ಹೆಂಡತಿಯ ಕೈಯಲ್ಲಿತ್ತು. ಜುಮಾ ನಮಾಜಿಗೆಂದು ವಿಜಯಪುರದಲ್ಲಿ ನಿಂತೆವು. ಮಸೀದಿಯಿಂದ ಮನೆಯವರು ಬರುವವರೆಗೆ ಚಹಾದಂಗಡಿಯ ನೆರಳಿನಲ್ಲಿ ಕಾರಿಗೆ ಒರಗಿ ನಿಂತಾಗ ಹೊಸದಾಗಿ ಮದುವೆಯಾದ ಜೋಡಿಯೊಂದು ಹತ್ತಿರ ಬಂತು. ಇಂಡಿ ಕಡೆಯವರು. ಹುಡುಗಿಯ ಕೈಯ ಹಸಿರು ಬಳೆ ಇನ್ನೂ ಹೊಳೆಯುತ್ತಿದ್ದವು. ಹಿಂದಿನ ಗಾಜಿಗೆ ಅಂಟಿಸಿದ್ದ ಮನಾಲಿಯ ಸ್ಟಿಕ್ಕರನ್ನೂ ಬಾಗಿಲಿನ ಕೆಸರನ್ನೂ ನೋಡಿ, "ಅಲ್ಲೀತನಕ ಇದರಾಗ ಹೋಗಿದ್ರೇನ್ರಿ ಅಕ್ಕಾರ?" ಎಂದ ಹುಡುಗ. ಮುಂದಿನ ತಿಂಗಳು ಶ್ರೀನಗರಕ್ಕೆ ಟಿಕೆಟ್ ಮಾಡಿಸಿದ್ದರಂತೆ. ಮನೆಯವರು ರದ್ದು ಮಾಡಿಸಿದರಂತೆ. ಎಲ್ಲಿಗೂ ಹೋಗುವುದೇ ಬೇಡ ಎನ್ನುತ್ತಿದ್ದಾರಂತೆ. ಹುಡುಗಿ ಏನೂ ಹೇಳದೆ ಕನ್ನಡಿಯ ಯಾಲಕ್ಕಿ ಹಾರವನ್ನು ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಬರ್ಫ್ ಮುಟ್ಟಿದ್ರೆ ಕೈ ಸುಡತೈತಂತ, ಹೌದ್ರಿ?" ಎಂದಳು.

ಅಷ್ಟರಲ್ಲಿ ಮನೆಯವರು ಬಂದರು. ಹಿಮ ಸುಡುವುದೋ ಇಲ್ಲವೋ, ಸುರಂಗದ ಆ ಕಡೆ ಎಷ್ಟು ಚಳಿ, ಹಳೆಯ ಕಾರಿಗೆ ಘಟ್ಟ ಏರಲು ಎಷ್ಟು ತ್ರಾಸು, ಕೋಕ್ಸರಿನಲ್ಲಿ ರಸ್ತೆ ಬಿಟ್ಟು ಎಷ್ಟು ಮೇಲೆ ಹತ್ತಿದರೆ ಜನರಿಲ್ಲದ ಜಾಗ ಸಿಗುತ್ತದೆ, ಎಲ್ಲವನ್ನೂ ಇಬ್ಬರೂ ಒಬ್ಬರ ಮಾತನ್ನೊಬ್ಬರು ಕಸಿದುಕೊಳ್ಳುತ್ತ ಹೇಳಿದೆವು. ಈ ವರ್ಷ ಬೇಡವಾದರೆ ಬಿಡಿ, ಮುಂದಿನ ವರ್ಷಕ್ಕಾದರೂ ಇರಲಿ ಎಂದು ಸೇಬಿನ ತೋಟದ ಅಜ್ಜನ ಫೋನ್ ನಂಬರನ್ನು ಟೋಲಿನ ಚೀಟಿಯ ಹಿಂದೆ ಬರೆದುಕೊಟ್ಟೆವು. ಡಿಕ್ಕಿಯಲ್ಲಿ ಉಳಿದಿದ್ದ ಕೊನೆಯ ಮೆಣಸಿನಕಾಯಿ ಪೊಟ್ಟಣವನ್ನೂ ಕೊಟ್ಟೆವು. ಹುಬ್ಬಳ್ಳಿ ಇನ್ನೂ ನಾಲ್ಕು ತಾಸಿನ ದಾರಿ ಇತ್ತು. ಬಿಸಿಲು ಇಳಿಯುವ ಮುಂಚೆ ಹೊರಟೆವು.